ಎರಡು ದಿನ, ಹತ್ತು ಜಾಗ

ಬೆಂಗಳೂರಿನಿಂದ ಯಾರಾದರೂ ಫೋನು ಮಾಡಿ, "ಎರಡು ದಿನ ರಜೆ ಇದೆ, ಮಂಗಳೂರಿನ ಕಡೆ ಬರೋಣ ಅಂತಿದ್ದೇವೆ, ಏನೇನು ನೋಡಬಹುದು?" ಎಂದು ಕೇಳಿದರೆ ನನಗೆ ಈಗ ಸಿಟ್ಟು ಬರುತ್ತದೆ. ಮೊದಲು ಹೀಗಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಮಕ್ಕಳಿಗೆ ಚರಿತ್ರೆ ಭೂಗೋಳ ಹೇಳಿಕೊಟ್ಟವನು ನಾನು. ಯಾರಾದರೂ ಊರಿನ ಬಗ್ಗೆ ಕೇಳಿದರೆ ಸಾಕು, ತೆಂಕಣ ಕಾಸರಗೋಡಿನಿಂದ ಬಡಗಣ ಕಾರವಾರದವರೆಗೆ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದೆ. ಕೇಳಿದವರು ಬರೆದುಕೊಳ್ಳುತ್ತಿದ್ದರು. ಅವರು ಬರೆದುಕೊಂಡಷ್ಟೂ ನನಗೆ ಹೆಮ್ಮೆ. ಈಗ ಯಾರಾದರೂ ಹಾಗೆ ಕೇಳಿದರೆ, "ಎರಡು ದಿನದಲ್ಲಿ ಏನೂ ನೋಡುವುದು ಬೇಡ, ಸುಮ್ಮನೆ ಬಂದು ಕುಳಿತುಕೊಳ್ಳಿ" ಎನ್ನುತ್ತೇನೆ. ಮುದುಕನಿಗೆ ಅರಳುಮರಳು ಎಂದುಕೊಂಡು ಅವರು ಫೋನು ಇಡುತ್ತಾರೆ. ಅರಳುಮರಳು ಅಲ್ಲ. ಯಾಕೆ ಹೀಗೆ ಹೇಳುತ್ತೇನೆ ಎಂಬುದನ್ನು ಒಮ್ಮೆ ಸರಿಯಾಗಿ ಬರೆದು ಮುಗಿಸಿಬಿಡಬೇಕೆಂದು ಕುಳಿತಿದ್ದೇನೆ.

2019ರ ನವೆಂಬರಿನಲ್ಲಿ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಫೋನು ಮಾಡಿದ. "ಮಾವ, ಅಮ್ಮನಿಗೆ ಊರು ನೋಡಬೇಕಂತೆ. ಶುಕ್ರವಾರ ರಾತ್ರಿ ಹೊರಟು ಭಾನುವಾರ ವಾಪಸು. ಪ್ಲ್ಯಾನು ಕಳುಹಿಸುತ್ತೇನೆ, ಒಮ್ಮೆ ನೋಡಿ" ಎಂದ. ಪ್ಲ್ಯಾನು ಮೊಬೈಲಿಗೆ ಬಂತು. ಎಡಗಡೆ ಗಂಟೆ, ಬಲಗಡೆ ಜಾಗ. ಸುಬ್ರಹ್ಮಣ್ಯ, ಧರ್ಮಸ್ಥಳ, ಕಟೀಲು, ಕದ್ರಿ, ಪಣಂಬೂರು ಕಡಲ ತೀರ, ಐಸ್‌ಕ್ರೀಂ ಅಂಗಡಿ, ಉಡುಪಿ, ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ, ಆಗುಂಬೆಯ ಸೂರ್ಯಾಸ್ತ. ಒಟ್ಟು ಒಂಬತ್ತು. ಐಸ್‌ಕ್ರೀಂ ಅಂಗಡಿಯೂ ಒಂದು ಕ್ಷೇತ್ರವಾಗಿ ಪಟ್ಟಿಯಲ್ಲಿ ಸೇರಿದ್ದನ್ನು ಕಂಡು ನಾನು ನಕ್ಕೆ. ಅಳಿಯಸಂತಾನದ ನಾಡಿದು, ಅಕ್ಕನ ಮಗನ ಮಾತಿಗೆ ಎದುರಾಡುವ ಮಾವ ಎಲ್ಲಿ ಸಿಕ್ಕಿಯಾನು? "ಚೆನ್ನಾಗಿದೆ ಮಾರಾಯ" ಎಂದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. "ಅಷ್ಟು ದೂರ ಬಂದು ಸಂತ ಅಲೋಶಿಯಸ್ ಚಾಪೆಲ್ಲನ್ನು ನೋಡದೆ ಹೋಗುವುದೇ? ಅರ್ಧ ಗಂಟೆ ಸಾಕು, ಅದನ್ನೂ ಸೇರಿಸು" ಎಂದೆ. ಪಟ್ಟಿ ಹತ್ತಕ್ಕೆ ಏರಿತು. ಹತ್ತನೆಯದು ನನ್ನದು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಆಮೇಲೆ ಒಂದು ದಿನ, ಎಲ್ಲ ಮುಗಿದ ಮೇಲೆ, ಆ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದೆ. ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಮನೆ ಬಿಟ್ಟು ಸೋಮವಾರ ಬೆಳಗಿನ ಜಾವ ಮೂರಕ್ಕೆ ಮನೆ ಸೇರುವುದೆಂದರೆ 53 ಗಂಟೆ. ಹೋಗಿ ಬರುವ ದಾರಿ, ನಡುವಿನ ಓಡಾಟ ಎಲ್ಲ ಸೇರಿ ಸುಮಾರು 900 ಕಿಲೋಮೀಟರ್. ಎರಡು ಘಾಟಿ, ಊರೊಳಗಿನ ಇಕ್ಕಟ್ಟು ಎಲ್ಲ ಸೇರಿದರೆ ವ್ಯಾನಿನೊಳಗೆ 22 ಗಂಟೆ. ಶನಿವಾರ ರಾತ್ರಿ ನಮ್ಮ ಮನೆಯಲ್ಲಿ ನಿದ್ದೆ 7 ಗಂಟೆ. ಶುಕ್ರವಾರದ ನಿದ್ದೆ ವ್ಯಾನಿನ ಲೆಕ್ಕದಲ್ಲೇ ಹೋಯಿತು. ಆರು ಜನರ ಸ್ನಾನ, ತಿಂಡಿ, ಊಟ, ಚಹಾ, ಶೌಚಕ್ಕೆ ಇಳಿಯುವುದು ಹತ್ತುವುದು ಎಂದು 9 ಗಂಟೆ. ಐದು ದೇವಸ್ಥಾನಗಳಲ್ಲಿ ವಾಹನ ನಿಲ್ಲಿಸಲು, ಚಪ್ಪಲಿ ಬಿಡಲು, ಸಾಲಿನಲ್ಲಿ ನಿಲ್ಲಲು 8 ಗಂಟೆ. ಉಳಿದದ್ದು 7 ಗಂಟೆ. ಈ ಏಳು ಗಂಟೆಯಲ್ಲಿ ಉಳಿದ ಐದು ಜಾಗ. ಅರಬ್ಬೀ ಸಮುದ್ರದ ತೀರದಲ್ಲಿ ನಿಲ್ಲುವುದಕ್ಕೆ ಪಟ್ಟಿಯಲ್ಲಿ ಬರೆದಿದ್ದದ್ದು ನಲವತ್ತು ನಿಮಿಷ.

ಸಮುದ್ರಕ್ಕೆ ನಲವತ್ತು ನಿಮಿಷ ಸಾಕು ಎಂದು ತೀರ್ಮಾನಿಸುವ ಧೈರ್ಯ ನಮಗೆ ಎಲ್ಲಿಂದ ಬಂತು?

ಅಕ್ಕ ಬಂದಳು. ಅವಳಿಗೆ ಆಗ ಎಪ್ಪತ್ತೈದು. ಮದುವೆಯಾಗಿ ಘಟ್ಟ ಹತ್ತಿ ಐವತ್ತು ವರ್ಷದ ಮೇಲಾಗಿತ್ತು. ಮಂಡಿ ನೋವು. ಸಂಜೆ ನಾಲ್ಕಕ್ಕೆ ವ್ಯಾನು ನೇರ ಚಾಪೆಲ್ಲಿನ ಮುಂದೆ ನಿಂತಿತು. ನಾನು ಅಲ್ಲೇ ಕಾದಿದ್ದೆ. ಒಳಗೆ ಹೋಗಿ ವಿವರಣೆ ಶುರು ಮಾಡಿದೆ. ಅಂತೋನಿಯೋ ಮೊಸ್ಕೇನಿ ಎಂಬ ಇಟಲಿಯ ಜೆಸ್ವಿಟ್ ಸಹೋದರ 1899ರಲ್ಲಿ ಇಲ್ಲಿ ಚಿತ್ರ ಬರೆಯಲು ಆರಂಭಿಸಿದ್ದು, ಗೋಡೆಯ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಿ ಮುಗಿಸಬೇಕಾದ ಫ್ರೆಸ್ಕೋ ಕೆಲಸ ಅದು ಎಂಬುದು, ನಮ್ಮ ಕರಾವಳಿಯ ಸೆಕೆ ತೇವದಲ್ಲಿ ಆತ ಪಟ್ಟಿರಬೇಕಾದ ಪಾಡು ಎಲ್ಲ ಹೇಳಿದೆ. ಅಕ್ಕ ಬೆಂಚಿನ ತುದಿಯಲ್ಲಿ ಕುಳಿತು, ಕತ್ತೆತ್ತಿ ಮಾಡಿನ ಕಡೆ ಒಮ್ಮೆ ನೋಡಿ, ಮಂಡಿ ಒತ್ತಿಕೊಂಡಳು. ಅವಳ ಕಣ್ಣು ಮುಚ್ಚಿಹೋಗುತ್ತಿತ್ತು. ಹಿಂದಿನ ರಾತ್ರಿಯಿಡೀ ವ್ಯಾನಿನ ಸೀಟಿನಲ್ಲಿ, ಬೆಳಗಿನಿಂದ ಮೂರು ದೇವಸ್ಥಾನದ ಸಾಲಿನಲ್ಲಿ ಕಳೆದ ಹೆಂಗಸಿಗೆ ನಾನು ಫ್ರೆಸ್ಕೋ ಎಂದರೇನೆಂದು ಪಾಠ ಮಾಡುತ್ತಿದ್ದೆ.

ಕದ್ರಿಯಲ್ಲಿ ಅವಳು ವ್ಯಾನಿನಿಂದ ಇಳಿಯಲಿಲ್ಲ. ಪಣಂಬೂರಿಗೆ ತಲುಪುವಾಗ ಕತ್ತಲಾಗಿತ್ತು. ಬಂದರಿನ ದೀಪಗಳು ಕಂಡವು, ಸಮುದ್ರದ ಸದ್ದು ಕೇಳಿತು, ಸಮುದ್ರ ಮಾತ್ರ ಕಾಣಲಿಲ್ಲ. ಮಕ್ಕಳು ಗೋಬಿ ಮಂಚೂರಿ ತಿಂದರು.

ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕುಳಿತಾಗ ಅಕ್ಕ ನನ್ನೊಡನೆ ಮೆಲ್ಲಗೆ ಹೇಳಿದಳು: "ನಾಳೆ ಬೆಳಿಗ್ಗೆ ಉಳ್ಳಾಲಕ್ಕೊಮ್ಮೆ ಹೋಗಿ ಬರುವನಾ? ಅಜ್ಜಿಮನೆ ಇದ್ದ ಜಾಗ ನೋಡಬೇಕಿತ್ತು. ನಾನು ಬಂದದ್ದೇ ಅದಕ್ಕೆ."

ನಮ್ಮ ಮನೆಯಿಂದ ಉಳ್ಳಾಲಕ್ಕೆ ಹನ್ನೆರಡು ಕಿಲೋಮೀಟರ್. ನೇತ್ರಾವತಿ ಸೇತುವೆ ದಾಟಿದರೆ ಮುಗಿಯಿತು. ನಾನು ಅಳಿಯನಿಗೆ ಹೇಳಿದೆ. ಅವನು ಪಟ್ಟಿ ತೆಗೆದು ನೋಡಿದ. ಉಡುಪಿಯಲ್ಲಿ ಇಷ್ಟು ಗಂಟೆಗೆ ಇರದಿದ್ದರೆ ಮಲ್ಪೆಯ ದೋಣಿ ತಪ್ಪುತ್ತದೆ, ಅದು ತಪ್ಪಿದರೆ ಆಗುಂಬೆಯ ಸೂರ್ಯ ತಪ್ಪುತ್ತಾನೆ. "ಅಮ್ಮ, ಮುಂದಿನ ಸಲ ಖಂಡಿತ ಹೋಗೋಣ" ಎಂದ. ಒಳ್ಳೆಯ ಹುಡುಗ, ಅವನ ಸ್ವರದಲ್ಲಿ ಅಸಡ್ಡೆ ಇರಲಿಲ್ಲ. ಅಕ್ಕನೂ "ಆಯ್ತು, ಅದಕ್ಕೇನು" ಎಂದಳು. ಮರುದಿನ ಮಲ್ಪೆಯಲ್ಲಿ ದೋಣಿಯ ಸಾಲು ನೋಡಿ ದಡದಿಂದಲೇ ತಿರುಗಿದರಂತೆ. ಆಗುಂಬೆಯಲ್ಲಿ ಮೋಡ. ಸೂರ್ಯನೂ ಇಲ್ಲ.

ಅದಾಗಿ ನಾಲ್ಕೇ ತಿಂಗಳಿಗೆ, 2020ರ ಮಾರ್ಚಿನಲ್ಲಿ, ದೇಶಕ್ಕೇ ಬೀಗ ಬಿತ್ತು. ಅಕ್ಕ 2021ರಲ್ಲಿ ತೀರಿಕೊಂಡಳು. ಮುಂದಿನ ಸಲ ಎಂಬುದು ಬರಲಿಲ್ಲ.

ಇದರಲ್ಲಿ ಅಳಿಯನ ತಪ್ಪು ಇಲ್ಲ, ಅಥವಾ ಅವನೊಬ್ಬನದೇ ಅಲ್ಲ. ನಾನು ಸೇರಿಸಿದ ಆ ಹತ್ತನೆಯ ಅರ್ಧ ಗಂಟೆ ಇತ್ತಲ್ಲ, ಅದು ಉಳ್ಳಾಲಕ್ಕೆ ಹೋಗುವ ದಾರಿಯ ಅರ್ಧ ಗಂಟೆ. ನಮ್ಮ ಊರಿನಲ್ಲೂ ದೊಡ್ಡದಿದೆ ಎಂದು ತೋರಿಸುವ ಚಪಲದಲ್ಲಿ, ಬಂದವಳಿಗೆ ಏನು ಬೇಕು ಎಂದು ನಾನು ಕೇಳಲಿಲ್ಲ. ಅವಳ ಮಗನೂ ಕೇಳಲಿಲ್ಲ. ಪಟ್ಟಿ ಮಾಡುವವನು ನಕಾಶೆಯನ್ನು ಕೇಳುತ್ತಾನೆ, ಮೊಬೈಲನ್ನು ಕೇಳುತ್ತಾನೆ, ಹೋಗಿ ಬಂದ ಸಹೋದ್ಯೋಗಿಯನ್ನು ಕೇಳುತ್ತಾನೆ. ಪಕ್ಕದ ಕೋಣೆಯಲ್ಲಿರುವ ತಾಯಿಯನ್ನು ಕೇಳುವುದಿಲ್ಲ. ಪ್ರವಾಸ ಅವಳಿಗಾಗಿಯೇ ಆಗಿದ್ದರೂ.

ನನ್ನ ಜಗಳ ಇರುವುದು ಈ ಎಣಿಕೆಯ ಜೊತೆ. ಎರಡು ದಿನದ ರಜೆ ಎಂದರೆ ಎಷ್ಟು ಜಾಗ "ಮುಗಿಸಿದೆವು" ಎಂಬ ಲೆಕ್ಕ. ಈ ಮಾತನ್ನೇ ಗಮನಿಸಿ. ಧರ್ಮಸ್ಥಳ ಮುಗಿಸಿ ಕಟೀಲಿಗೆ ಹೋದೆವು, ಉಡುಪಿ ಮುಗಿಸಿ ಮಲ್ಪೆಗೆ ಬಂದೆವು ಎನ್ನುತ್ತಾರೆ. ಆಫೀಸಿನಲ್ಲಿ ಕಡತ ಮುಗಿಸುವವರು ರಜೆಯಲ್ಲಿ ಊರು ಮುಗಿಸುತ್ತಾರೆ. ಆಫೀಸಿನಿಂದ ತಪ್ಪಿಸಿಕೊಂಡು ಬಂದದ್ದು ಯಾಕೆ ಹಾಗಾದರೆ? ಸೋಮವಾರ ಕೆಂಪು ಕಣ್ಣಿನಲ್ಲಿ ಮೇಜಿನ ಮುಂದೆ ಕುಳಿತವನನ್ನು "ರಜೆ ಹೇಗಿತ್ತು?" ಎಂದು ಕೇಳಿದರೆ "ಸಖತ್ತಾಗಿತ್ತು, ಪೂರ್ತಿ ಕವರ್ ಮಾಡಿದೆವು" ಎನ್ನುತ್ತಾನೆ. ದಣಿವಾರಿಸಿಕೊಳ್ಳಲು ಹೋದವನು ದಣಿದು ಬಂದದ್ದನ್ನು ಯಾರೂ ಕೇಳುವುದಿಲ್ಲ.

ಹರಕೆ ಹೊತ್ತವರ ಮಾತು ಬೇರೆ. ಸುಬ್ರಹ್ಮಣ್ಯಕ್ಕೆ ಹರಕೆ ಹೇಳಿಕೊಂಡವರು ಸುಬ್ರಹ್ಮಣ್ಯಕ್ಕೆ ಬರಬೇಕು, ಸೇವೆ ಸಲ್ಲಿಸಬೇಕು. ಆದರೆ ನಮ್ಮ ಹಿರಿಯರು ಒಂದು ಹರಕೆಗೆ ಒಂದು ಯಾತ್ರೆ ಎಂದು ಇಟ್ಟುಕೊಂಡಿದ್ದರು. ಹಿಂದಿನ ರಾತ್ರಿ ಹೋಗಿ ಉಳಿದು, ಬೆಳಿಗ್ಗೆ ಹೊಳೆಯಲ್ಲಿ ಮಿಂದು, ಸೇವೆ ಮಾಡಿಸಿ, ಊಟ ಮಾಡಿ ಹೊರಡುತ್ತಿದ್ದರು. ಒಂದೇ ದಿನದಲ್ಲಿ ಐದು ದೇವರ ಮುಂದೆ ಅರ್ಧರ್ಧ ನಿಮಿಷ ನಿಂತು, ಒಂದು ಗರ್ಭಗುಡಿಯ ಮುಂದೆ ನಿಂತಾಗ ಮುಂದಿನ ಗರ್ಭಗುಡಿಯ ಬಾಗಿಲು ಎಷ್ಟು ಗಂಟೆಗೆ ಹಾಕುತ್ತಾರೆಂದು ಯೋಚಿಸುವುದು ಯಾವ ಶಾಸ್ತ್ರದ ಭಕ್ತಿ?

ಈ ಎಣಿಕೆಯನ್ನು ಕಲಿಸಿದವರು ಘಟ್ಟದ ಮೇಲಿನವರಷ್ಟೇ ಎಂದು ತಿಳಿಯಬೇಡಿ. ನಮ್ಮವರೂ ಇದ್ದಾರೆ. "ಒಂದೇ ದಿನದಲ್ಲಿ ಏಳು ದೇವಸ್ಥಾನ" ಎಂದು ಬಾಡಿಗೆ ವಾಹನದವರು ಬೋರ್ಡು ಹಾಕುತ್ತಾರೆ. ಲಾಡ್ಜಿನ ಕೌಂಟರಿನಲ್ಲಿ ಕೊಡುವ ಚೀಟಿಯಲ್ಲಿ ಕೊಲ್ಲೂರು, ಮುರುಡೇಶ್ವರದವರೆಗೆ ಎಲ್ಲ ನಮ್ಮೂರಿನದೇ ಹಿತ್ತಲು ಎಂಬಂತೆ ಬರೆದಿರುತ್ತಾರೆ. ಮಂಗಳೂರಿನಿಂದ ಕೊಲ್ಲೂರಿಗೆ ನೂರ ಮೂವತ್ತು ಕಿಲೋಮೀಟರ್ ಎಂಬುದು ಚೀಟಿಯಲ್ಲಿ ಇರುವುದಿಲ್ಲ. ನಮ್ಮ ಊರಿನಲ್ಲೇ ಎರಡು ದಿನ ನಿಲ್ಲುವಂಥದ್ದು ಏನಿದೆ ಎಂಬ ಕೀಳರಿಮೆ ನಮಗೇ ಇದೆ. ಅದಕ್ಕೇ ಬಂದವರನ್ನು ಆಚೆ ಈಚೆ ಅಟ್ಟುತ್ತೇವೆ.

ಏನಿದೆ ಎಂದು ಕೇಳುತ್ತೀರಾ? ಹೇಳುತ್ತೇನೆ. ಹತ್ತು ಕಿಲೋಮೀಟರ್ ಒಳಗೆ ಇರುವುದನ್ನಷ್ಟೇ ಹೇಳುತ್ತೇನೆ.

ನನ್ನ ಅಳಿಯನ ಮಕ್ಕಳು ಹನ್ನೆರಡು ನಿಮಿಷದಲ್ಲಿ ಸುತ್ತಿ ಬಂದ ಕದ್ರಿಯಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಅದರ ಪೀಠದಲ್ಲಿ ಆಳುಪ ರಾಜ ಕುಂದವರ್ಮನ ಶಾಸನ, ಕ್ರಿ.ಶ. 968. ಸಾವಿರ ವರ್ಷಕ್ಕೂ ಹಿಂದೆ ಈ ಊರಿನಲ್ಲಿ ಅಷ್ಟು ನಯವಾಗಿ ಕಂಚು ಎರಕ ಹೊಯ್ಯುವವರಿದ್ದರು. ದೀಪದ ಬೆಳಕಿಗೆ ಕಣ್ಣು ಹೊಂದಿಕೊಳ್ಳುವುದಕ್ಕೇ ಐದು ನಿಮಿಷ ಬೇಕು. ಸುಲ್ತಾನ್ ಬತ್ತೇರಿಗೆ ಹೋಗಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು, ಗುರುಪುರ ನದಿಗೆ ಬಂದ ಹಡಗುಗಳ ಮೇಲೆ ಕಣ್ಣಿಡಲು. ಬುರುಜಿಗಿಂತ ಅದರ ಮುಂದಿನ ನೀರು ನೋಡಬೇಕು. ಇತ್ತ ಗುರುಪುರ, ಅತ್ತ ನೇತ್ರಾವತಿ, ಎರಡು ಹೊಳೆಗಳು ಸೇರಿ ಸಮುದ್ರಕ್ಕೆ ಬೀಳುವ ಅಳಿವೆ ಬಾಗಿಲು. ಈ ಊರು ಊರಾದದ್ದೇ ಆ ಬಾಗಿಲಿನಿಂದ. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ, ಕನ್ನಡದಲ್ಲಿ ಮಂಗಳೂರು. ಒಂದು ಊರಿಗೆ ನಾಲ್ಕು ಭಾಷೆಯಲ್ಲಿ ನಾಲ್ಕು ಹೆಸರು ಬಂದದ್ದು ನಾಲ್ಕು ದಿಕ್ಕಿನಿಂದ ಜನ ಬಂದು ಇಲ್ಲಿ ನಿಂತದ್ದರಿಂದ, ಮುಗಿಸಿ ಹೋದದ್ದರಿಂದಲ್ಲ.

ಬಲ್ಮಠದ ಗುಡ್ಡದ ಕಡೆ ನಡೆದು ಹೋಗಿ. 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು 1841ರಲ್ಲಿ ಈ ಊರಿನಲ್ಲಿ ಅಚ್ಚುಕೂಟ ಇಟ್ಟರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ "ಮಂಗಳೂರ ಸಮಾಚಾರ" ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಮುದ್ರಿಸಿದ್ದು. ಇಂದು ಕನ್ನಡದಲ್ಲಿ ಪೇಪರು ಓದುವ ಯಾರೇ ಆಗಲಿ ಈ ಗುಡ್ಡಕ್ಕೆ ಒಂದು ನಮಸ್ಕಾರ ಹೇಳಬೇಕು. ಕಿಟೆಲರ ನಿಘಂಟು 1894ರಲ್ಲಿ ಇಲ್ಲಿಂದಲೇ ಹೊರಬಂತು. 1865ರಲ್ಲಿ ಅದೇ ಮಿಶನ್ನಿನವರು ಹೊಳೆ ಬದಿಯ ಜೇಡಿಮಣ್ಣಿನಿಂದ ಹಂಚು ಮಾಡತೊಡಗಿದರು. ನಿಮ್ಮ ಅಜ್ಜನ ಮನೆಯ ಮಾಡಿನ ಮೇಲೆ ಇದ್ದದ್ದು ಬಹುಶಃ ನಮ್ಮೂರಿನ ಹೊಳೆಯ ಮಣ್ಣು.

ಇದ್ಯಾವುದೂ ಬೇಡವೆಂದರೆ ಬೆಳಿಗ್ಗೆ ಆರಕ್ಕೆ ಎದ್ದು ಬಂದರಿನ ದಕ್ಕೆಗೆ ಹೋಗಿ. ಬೋಟುಗಳಿಂದ ಬಂಗುಡೆ, ಬೂತಾಯಿ ಇಳಿಯುವುದನ್ನು, ಏಲಂ ಕೂಗುವುದನ್ನು, ಬುಟ್ಟಿ ಹೊತ್ತ ಹೆಂಗಸರು ಚೌಕಾಶಿ ಮಾಡುವುದನ್ನು ನೋಡಿ. ಮೀನು ತಿನ್ನದವರು ಮೂಗು ಮುಚ್ಚಿಕೊಂಡಾದರೂ ನೋಡಬಹುದು. ಒಂಬತ್ತಕ್ಕೆ ಹಿಂದೆ ಬಂದು ನೀರುದೋಸೆಯೋ ಬನ್ಸೋ ತಿಂದು, ಮಧ್ಯಾಹ್ನ ಫ್ಯಾನಿನ ಕೆಳಗೆ ಮಲಗಿ, ಸಂಜೆ ಬಿಸಿ ಗೋಳಿಬಜೆ ಎದುರಿಗಿಟ್ಟುಕೊಂಡು ಕುಳಿತರೆ ಒಂದು ದಿನವಾಯಿತು. ಇದನ್ನು ರಜೆ ಎನ್ನುತ್ತಾರೆ.

ಎರಡನೆಯ ಮಾತು, ಕಾಲದ್ದು. ನಮ್ಮ ಸೀಮೆಗೆ ಗಡಿಯಾರ ಬೇರೆ ಇದೆ, ಅದು ನಿಮ್ಮ ರಜೆಯ ಕ್ಯಾಲೆಂಡರ್ ನೋಡಿ ತಿರುಗುವುದಿಲ್ಲ. ಜುಲೈಯಲ್ಲಿ ಬಂದು ಕಂಬಳ ಎಲ್ಲಿ ಎಂದು ಕೇಳಿದವರನ್ನು ನಾನು ಕಂಡಿದ್ದೇನೆ. ಮೇ ತಿಂಗಳ ಕೊನೆಗೆ ಪತ್ತನಾಜೆ ಬಂತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಗಳ ಕೋಲ ನಿಲ್ಲುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ಅದು ಮೀನು ಮರಿಯಿಡುವ ಕಾಲ. ಆಗ ಬಂದು ತಾಜಾ ಅಂಜಲ್ ಬೇಕೆಂದು ಹಟ ಹಿಡಿದರೆ ಹೊಟೇಲಿನವನು ಮಂಜುಗಡ್ಡೆಯಲ್ಲಿಟ್ಟದ್ದನ್ನು ತಾಜಾ ಎಂದು ಕೊಡದೆ ಏನು ಮಾಡಿಯಾನು? ಮಲ್ಪೆಯಿಂದ ದ್ವೀಪಕ್ಕೆ ಹೋಗುವ ದೋಣಿಗಳೂ ಮಳೆಗಾಲದಲ್ಲಿ ಇಲ್ಲ. ಆಟ ಬೇಕಿದ್ದರೆ ಚಳಿಗಾಲದಲ್ಲಿ ಬನ್ನಿ. ಬಯಲಿನಲ್ಲಿ ಕುಳಿತು ಬೆಳಗಾಗುವವರೆಗೆ ಒಂದೇ ಒಂದು ಆಟ ನೋಡಿ. ಮಳೆ ಬೇಕಿದ್ದರೆ ಆಟಿಯಲ್ಲಿ ಬನ್ನಿ. ವರ್ಷಕ್ಕೆ 3500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಿದು, ಅದರ ಬಹುಪಾಲು ಬೀಳುವುದು ಜೂನಿನಿಂದ ಸೆಪ್ಟೆಂಬರಿನೊಳಗೆ. ಆಗ ಪತ್ರೊಡೆ, ಕಣಿಲೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ ಪಲ್ಯ ಸಿಗುತ್ತವೆ. ಯಾವ ಕಾಲಕ್ಕೂ ಏನೋ ಒಂದಿದೆ. ಎಲ್ಲ ಕಾಲಕ್ಕೂ ಎಲ್ಲವೂ ಬೇಕೆಂದರೆ ಇಲ್ಲ.

ಮೂರನೆಯದು ಸ್ವಲ್ಪ ಕಠಿಣವಾದ ಮಾತು. ಅವಸರ ಬರೀ ದಣಿಸುವುದಿಲ್ಲ, ಕೊಲ್ಲುತ್ತದೆ. ನಮ್ಮ ದಂಡೆಯಲ್ಲಿ ವರ್ಷ ವರ್ಷವೂ ಹೊರ ಊರಿನ ಹುಡುಗರು ನೀರುಪಾಲಾದ ಸುದ್ದಿ ಓದುತ್ತೇವೆ. ಕಡಲಿಗೆ ಸೆಳೆತ ಎಂಬುದೊಂದಿದೆ. ತೆರೆ ತಂದು ಸುರಿದ ನೀರು ಎಲ್ಲೋ ಒಂದು ಕಡೆ ಕಾಲುವೆಯ ಹಾಗೆ ಜಾಗ ಮಾಡಿಕೊಂಡು ಜೋರಾಗಿ ಹಿಂದಕ್ಕೆ ಹರಿಯುತ್ತದೆ. ಆ ಜಾಗದಲ್ಲಿ ತೆರೆ ಒಡೆಯುವುದು ಕಡಿಮೆ. ನೋಡಲು ಶಾಂತವಾಗಿರುತ್ತದೆ. ಹೊಸಬರು ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ಈಜಿ ಸೋಲುತ್ತಾರೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬಂದು ಆಮೇಲೆ ದಡದ ಕಡೆ ತಿರುಗಬೇಕೆಂಬುದು ಅವರಿಗೆ ಯಾರೂ ಹೇಳಿರುವುದಿಲ್ಲ. ಕಡಲನ್ನು ಒಂದು ಗಂಟೆ ದಡದಲ್ಲಿ ಕುಳಿತು ನೋಡಿದವನಿಗೆ ತೆರೆ ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ ಎಂದು ಕಣ್ಣಿಗೆ ಕಾಣಲು ಶುರುವಾಗುತ್ತದೆ. ಅಲ್ಲಿರುವ ಮೀನುಗಾರರನ್ನು "ಇಲ್ಲಿ ಇಳಿಯಬಹುದಾ ಅಣ್ಣ?" ಎಂದು ಕೇಳಲು ಪುರುಸೊತ್ತು ಇರುತ್ತದೆ. ನಲವತ್ತು ನಿಮಿಷದವನು ವ್ಯಾನಿನಿಂದ ಇಳಿದವನೇ ನೀರಿಗೆ ಓಡುತ್ತಾನೆ. ಕಾವಲಿನವರು ಸೀಟಿ ಊದಿದರೆ ಅವರ ಮೇಲೆ ರೇಗುತ್ತಾನೆ, "ಅಷ್ಟು ದೂರದಿಂದ ಬಂದಿದ್ದೇವೆ ಕಣ್ರೀ" ಎಂದು. ದೂರದಿಂದ ಬಂದವನೆಂದು ಕಡಲು ರಿಯಾಯಿತಿ ಕೊಡುವುದಿಲ್ಲ. ಘಾಟಿಯೂ ಅಷ್ಟೇ. ರಾತ್ರಿಯೆಲ್ಲ ನಿದ್ದೆಗೆಟ್ಟ ಚಾಲಕ, ಮಳೆಗಾಲದ ಶಿರಾಡಿ, ಮುಂದೆ ಟ್ಯಾಂಕರು. ಗುಡ್ಡ ಕುಸಿದು ಆ ದಾರಿ ಬಂದ್ ಆಗುವುದು ಈಗ ಅಪರೂಪವೇನಲ್ಲ, 2018ರಲ್ಲೂ ಆಗಿದೆ, 2024ರಲ್ಲೂ ಆಗಿದೆ. ಪಟ್ಟಿಯಲ್ಲಿ ಅದಕ್ಕೆ ಒಂದು ನಿಮಿಷವೂ ಇಟ್ಟಿರುವುದಿಲ್ಲ.

ನನ್ನ ಮಾತಿಗೆ ಎದುರು ಮಾತು ಇಲ್ಲವೆಂದಲ್ಲ. "ನೀವು ಕಡಲ ಪಕ್ಕದಲ್ಲೇ ಇದ್ದೀರಿ, ನಿಮಗೆ ಹೇಳುವುದು ಸುಲಭ. ನಮಗೆ ಸಿಗುವುದೇ ವರ್ಷಕ್ಕೆರಡು ಸಲ, ಎರಡೆರಡು ದಿನ. ಮತ್ತೆ ಯಾವಾಗ ಬರುತ್ತೇವೋ, ಬಂದಾಗ ಎಲ್ಲ ನೋಡಿಬಿಡಬೇಡವೇ?" ಎಂದು ಒಬ್ಬರು ನನ್ನೊಡನೆ ವಾದಿಸಿದರು. ನ್ಯಾಯವಾದ ಮಾತು. ಆದರೆ ಮತ್ತೆ ಯಾವಾಗ ಬರುತ್ತೇವೋ ಗೊತ್ತಿಲ್ಲ ಎಂಬುದೇ ನಿಜವಾದರೆ, ಆಗಲೇ ಅಲ್ಲವೇ ಅತ್ಯಂತ ಬೇಕಾದ ಒಂದನ್ನು ಮೊದಲು ಮಾಡಬೇಕಾದದ್ದು? ನನ್ನ ಅಕ್ಕನಿಗೆ ಹತ್ತು ಸಿಕ್ಕಿತು, ಬೇಕಾದ ಒಂದು ಸಿಗಲಿಲ್ಲ.

"ಪ್ರವಾಸಿಗರು ಬಂದರೆ ಊರಿಗೆ ನಾಲ್ಕು ಕಾಸು" ಎನ್ನುವವರಿದ್ದಾರೆ. ಅವರಿಗೂ ಹೇಳುತ್ತೇನೆ: ನಲವತ್ತು ನಿಮಿಷ ನಿಂತು ಹೋಗುವ ವ್ಯಾನು ಕೊಡುವುದು ಪಾರ್ಕಿಂಗಿನ ದುಡ್ಡು, ಬಿಟ್ಟು ಹೋಗುವುದು ನೀರಿನ ಬಾಟಲಿ. ಎರಡು ರಾತ್ರಿ ನಿಂತವನು ಊಟದ ಮನೆಗೆ, ರಿಕ್ಷಾದವನಿಗೆ, ದೋಣಿಯವನಿಗೆ, ಮಲ್ಲಿಗೆ ಮಾರುವವಳಿಗೆ ಎಲ್ಲರಿಗೂ ಕೊಡುತ್ತಾನೆ. ಅವನ ಹೆಸರು ಎರಡನೆಯ ದಿನಕ್ಕೆ ಚಹಾದಂಗಡಿಯವನಿಗೆ ಗೊತ್ತಿರುತ್ತದೆ.

"ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೇಕು, ಏನು ಮಾಡುವುದು?" ಎನ್ನುವವರಿಗೆ ನನ್ನ ಉತ್ತರ ಇಷ್ಟೇ. ಹೊರಡುವ ಮೊದಲು ಎಲ್ಲರನ್ನೂ ಕೂರಿಸಿ ಒಬ್ಬೊಬ್ಬರು ಒಂದೇ ಒಂದು ಹೇಳಿ ಎನ್ನಿ. ವಯಸ್ಸಾದವರಿಂದ ಶುರು ಮಾಡಿ. ದಿನಕ್ಕೆ ಎರಡೇ ಇಡಿ, ಬೆಳಿಗ್ಗೆ ಒಂದು, ಸಂಜೆ ಒಂದು. ಒಂದು ಅರ್ಧ ದಿನವನ್ನು ಖಾಲಿ ಬಿಡಿ. ಮಲಗುವ ಜಾಗ ಬದಲಿಸಬೇಡಿ. ಉಳಿದದ್ದನ್ನು ಬಿಡಿ, ಉಡುಪಿ ಎಂಟುನೂರು ವರ್ಷದಿಂದ ಅಲ್ಲೇ ಇದೆ, ಆಗುಂಬೆಯೂ ಎಲ್ಲಿಗೂ ಹೋಗುವುದಿಲ್ಲ. ಹೋಗುವುದು ಮನುಷ್ಯರು.

2023ರ ಜುಲೈಯಲ್ಲಿ ಅಳಿಯ ಮತ್ತೆ ಫೋನು ಮಾಡಿದ. ಅವನೂ ಮಗಳೂ, ಇಬ್ಬರೇ ಬರುವುದೆಂದ. ಪಟ್ಟಿ ಕಳುಹಿಸಲಿಲ್ಲ. ನಾನೇ, "ಈಗ ಮಳೆ ಮಾರಾಯ, ಏನೂ ನೋಡುವುದಕ್ಕಿಲ್ಲ" ಎಂದೆ. "ಗೊತ್ತು ಮಾವ" ಎಂದ. ಹಗಲು ರೈಲಿನಲ್ಲಿ ಬಂದರು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ. ಹುಡುಗಿ ಒಂದನ್ನೂ ಬಿಡದೆ ಎಣಿಸಿದಳಂತೆ. ಎಣಿಸುವುದಿದ್ದರೆ ಅದನ್ನು ಎಣಿಸಲಿ.

ಮರುದಿನ ಮಳೆ ಸ್ವಲ್ಪ ಹೊಳವಾದಾಗ ಮೂವರೂ ಉಳ್ಳಾಲಕ್ಕೆ ಹೋದೆವು. ಅಜ್ಜಿಮನೆ ಇದ್ದ ಕಡೆ ಈಗ ಕಡಲ್ಕೊರೆತ ತಡೆಯಲು ಹಾಕಿದ ಕಲ್ಲುಗಳ ರಾಶಿ. ಬದಿಯ ಮನೆಯ ಮುದುಕಿಯೊಬ್ಬರು ಕೊಡೆ ಹಿಡಿದು ಹೊರಗೆ ಬಂದು, "ಯಾರು ಬೇಕಿತ್ತು?" ಎಂದು ಕೇಳಿದರು. ಅಜ್ಜಿಯ ಹೆಸರು ಹೇಳಿದೆ. ಅವರು ಕಲ್ಲಿನ ರಾಶಿಯ ಆಚೆಗೆ, ತೆರೆ ಬಡಿಯುತ್ತಿದ್ದ ಕಡೆಗೆ ಕೈ ತೋರಿಸಿದರು. "ಬಾವಿ ಅಲ್ಲಿತ್ತು. ಮನೆ ಅದಕ್ಕೂ ಆಚೆ." ಅಲ್ಲಿ ಬರೀ ನೀರು, ಕೆಸರು ಬಣ್ಣದ ನೊರೆ. ಕಲ್ಲು ಹತ್ತಬೇಡಿ, ಜಾರುತ್ತದೆ ಎಂದು ಹೇಳಿ, ನಮ್ಮನ್ನು ಜಗಲಿಗೆ ಕರೆದು ಚಹಾ ಕೊಟ್ಟರು. ಎರಡು ಗಂಟೆ ಅಲ್ಲಿ ಕುಳಿತಿದ್ದೆವು. ಅಳಿಯ ಏನೂ ಮಾತಾಡಲಿಲ್ಲ. ಒಮ್ಮೆ ಮಾತ್ರ ಕೇಳಿದ: "ಮಾವ, 2019ರಲ್ಲಿ ಬಂದಿದ್ದರೆ ಬಾವಿಯಾದರೂ ಇರುತ್ತಿತ್ತಾ?"

ನನಗೆ ಗೊತ್ತಿರಲಿಲ್ಲ. ಆ ಮುದುಕಿಯನ್ನು ಕೇಳಬಹುದಿತ್ತು. ಕೇಳಲಿಲ್ಲ.

ಆದ್ದರಿಂದ, ಎರಡು ದಿನದ ರಜೆಗೆ ನಮ್ಮ ಕಡೆ ಬರುವವರಲ್ಲಿ ನನ್ನ ಬಿನ್ನಹ ಒಂದೇ. ಪಟ್ಟಿ ಮಾಡುವ ಮೊದಲು ಮನೆಯ ಹಿರಿಯರ ಹತ್ತಿರ ಹೋಗಿ, "ನಿಮಗೆ ಎಲ್ಲಿಗೆ ಹೋಗಬೇಕು?" ಎಂದು ಕೇಳಿ. ಅವರು "ನನಗೇನಪ್ಪ, ನೀವು ಎಲ್ಲಿಗೆ ಕರೆದುಕೊಂಡು ಹೋದರೂ ಸರಿ" ಎನ್ನುತ್ತಾರೆ. ಅದನ್ನು ನಂಬಬೇಡಿ. ಇನ್ನೊಮ್ಮೆ ಕೇಳಿ.